ಎಸ್‌ಎಂಬಿ 1 ನಿಷ್ಕ್ರಿಯಗೊಳಿಸುವಿಕೆ

ಎಸ್‌ಎಂಬಿ 1 ಎಂಬುದು ಜಾಲದಲ್ಲಿರುವ ಕಂಪ್ಯೂಟರುಗಳು ಕಡತಗಳನ್ನೂ ಮುದ್ರಕಗಳನ್ನೂ ಹಂಚಿಕೊಳ್ಳಲು ಬಳಸುವ ಸರ್ವರ್ ಮೆಸೇಜ್ ಬ್ಲಾಕ್ ಪ್ರೋಟೋಕಾಲಿನ ಮೊದಲ ಆವೃತ್ತಿ. ಭದ್ರತೆಯ ದೃಷ್ಟಿಯಿಂದ ಇದನ್ನು ಉದ್ಯಮ ಸಂಸ್ಥೆಗಳ ಸರ್ವರ್‌ಗಳಲ್ಲಿ ನಿಷ್ಕ್ರಿಯಗೊಳಿಸುವಂತೆ ಮೈಕ್ರೋಸಾಫ್ಟ್ ಸಲಹೆ ನೀಡಿದೆ.

ಇತಿಹಾಸ

ಈ ಪ್ರೋಟೋಕಾಲನ್ನು 1983ರಲ್ಲಿ ಐಬಿಎಂ ಸಂಸ್ಥೆಯ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದರು. ಮುಂದೆ ಮೈಕ್ರೋಸಾಫ್ಟ್ ಇದನ್ನು ವಿಸ್ತರಿಸಿ ವಿಂಡೋಸ್‌ನಲ್ಲಿ ಅಳವಡಿಸಿತು. ವಿಂಡೋಸ್ ವಿಸ್ಟಾದೊಂದಿಗೆ ಎರಡನೆಯ ಆವೃತ್ತಿಯೂ, 2012ರಲ್ಲಿ ಗೂಢಲಿಪೀಕರಣ ಸೌಲಭ್ಯವುಳ್ಳ ಮೂರನೆಯ ಆವೃತ್ತಿಯೂ ಬಂದವು. ಆದರೂ ಹಳೆಯ ಯಂತ್ರಗಳೊಡನೆ ಹೊಂದಾಣಿಕೆಗಾಗಿ ಮೊದಲ ಆವೃತ್ತಿಯನ್ನು ಉಳಿಸಿಕೊಳ್ಳಲಾಗಿತ್ತು.

ಅಪಾಯಗಳು

ಎಸ್‌ಎಂಬಿ 1ರ ಅಳವಡಿಕೆಯಲ್ಲಿದ್ದ ಗಂಭೀರ ಲೋಪವೊಂದನ್ನು ಸರಿಪಡಿಸುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿತು. ಏಪ್ರಿಲ್‌ನಲ್ಲಿ ಆ ಲೋಪವನ್ನು ದುರುಪಯೋಗಪಡಿಸುವ 'ಎಟರ್ನಲ್‌ಬ್ಲೂ' ಎಂಬ ಸಾಧನ ಬಹಿರಂಗವಾಯಿತು. ತಿದ್ದುಪಡಿ ಅಳವಡಿಸದ ಕಂಪ್ಯೂಟರುಗಳಲ್ಲಿ ಮೇ 12ರಿಂದ 'ವನ್ನಾಕ್ರೈ' ಕುತಂತ್ರಾಂಶ ಹರಡಿತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಅನೇಕ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಜೂನ್‌ನಲ್ಲಿ 'ನಾಟ್‌ಪೆಟ್ಯಾ' ಕೂಡ ಇದೇ ಲೋಪವನ್ನು ಬಳಸಿಕೊಂಡಿತು.

ತಿದ್ದುಪಡಿಯು ಆ ಲೋಪವನ್ನು ಮಾತ್ರ ಮುಚ್ಚುತ್ತದೆ. ಗೂಢಲಿಪೀಕರಣವಿಲ್ಲದಿರುವುದು ಪ್ರೋಟೋಕಾಲಿನ ಮೂಲ ಕೊರತೆಯಾದ್ದರಿಂದ, ಅದನ್ನು ಸಂಪೂರ್ಣವಾಗಿ ತೆಗೆದುಹಾಕುವುದೇ ಸೂಕ್ತವೆನಿಸಿದೆ.

ವಿಧಾನ

ನಿಷ್ಕ್ರಿಯಗೊಳಿಸುವ ಮೊದಲು ಎಸ್‌ಎಂಬಿ 1ನ್ನು ಯಾವ ಯಂತ್ರಗಳು ಇನ್ನೂ ಬಳಸುತ್ತಿವೆ ಎಂಬುದನ್ನು ಪತ್ತೆಹಚ್ಚಬೇಕು. ವಿಂಡೋಸ್ ಸರ್ವರ್‌ನ ಲೆಕ್ಕಪರಿಶೋಧನಾ ಸೌಲಭ್ಯವನ್ನು ಚಾಲನೆಗೊಳಿಸಿದರೆ, ಅಂತಹ ಪ್ರತಿಯೊಂದು ಸಂಪರ್ಕವೂ ಯಂತ್ರದ ವಿಳಾಸ ಸಹಿತ 3000 ಸಂಖ್ಯೆಯ ಘಟನೆಯಾಗಿ ದಾಖಲಾಗುತ್ತದೆ. ತಿಂಗಳ ಕೊನೆಯಲ್ಲಿ ಮಾತ್ರ ನಡೆಯುವ ಕೆಲಸಗಳೂ ಇರುವುದರಿಂದ ಈ ವೀಕ್ಷಣೆ ಕೆಲವು ವಾರಗಳಾದರೂ ನಡೆಯುವುದು ಒಳ್ಳೆಯದು. ಅನಂತರ ಸರ್ವರ್ ಮ್ಯಾನೇಜರ್ ಅಥವಾ ಪವರ್‌ಶೆಲ್ ಮೂಲಕ ಎಸ್‌ಎಂಬಿ 1 ಘಟಕವನ್ನು ತೆಗೆದು ಸರ್ವರನ್ನು ಮರುಚಾಲನೆ ಮಾಡಲಾಗುತ್ತದೆ. ಎರಡನೆಯ ಮತ್ತು ಮೂರನೆಯ ಆವೃತ್ತಿಗಳನ್ನು ನಿಲ್ಲಿಸಬಾರದು. ನಿಲ್ಲಿಸಿದರೆ ಕಡತ ಹಂಚಿಕೆಯೇ ಸ್ಥಗಿತಗೊಳ್ಳುತ್ತದೆ.

ಲಿನಕ್ಸ್ ಸರ್ವರ್‌ಗಳಲ್ಲಿ ಬಳಕೆಯಲ್ಲಿರುವ ಸಾಂಬಾ ತಂತ್ರಾಂಶದ 4.11ನೇ ಆವೃತ್ತಿಯಿಂದ (2019) ಎಸ್‌ಎಂಬಿ 1 ಪೂರ್ವನಿಯೋಜಿತವಾಗಿ ನಿಷ್ಕ್ರಿಯವಾಗಿರುತ್ತದೆ.

ಹೊಂದಾಣಿಕೆಯ ಸಮಸ್ಯೆಗಳು

ವಿಂಡೋಸ್ ಎಕ್ಸ್‌ಪಿ ಮತ್ತು ವಿಂಡೋಸ್ ಸರ್ವರ್ 2003 ಈ ಮೊದಲ ಆವೃತ್ತಿಯನ್ನಷ್ಟೇ ಬಲ್ಲವು. ಸ್ಕ್ಯಾನ್ ಮಾಡಿದ ಪ್ರತಿಗಳನ್ನು ಸರ್ವರ್‌ಗೆ ಕಳುಹಿಸುವ ಕೆಲವು ಹಳೆಯ ಜೆರಾಕ್ಸ್ ಯಂತ್ರಗಳದ್ದೂ ಇದೇ ಸ್ಥಿತಿ. ಇವುಗಳ ತಂತ್ರಾಂಶವನ್ನು ನವೀಕರಿಸಬೇಕು ಅಥವಾ ಯಂತ್ರವನ್ನೇ ಬದಲಿಸಬೇಕು. ಎರಡೂ ಸಾಧ್ಯವಿಲ್ಲದಿದ್ದರೆ ಅವುಗಳನ್ನು ಮುಖ್ಯ ಜಾಲದಿಂದ ಬೇರ್ಪಡಿಸಿ ಇಡುವುದು ವಾಡಿಕೆ. ಯಾವ ಆವೃತ್ತಿಯನ್ನು ಬಳಸಿದರೂ ಎಸ್‌ಎಂಬಿಯ 445ನೇ ಪೋರ್ಟ್ ಅಂತರಜಾಲಕ್ಕೆ ತೆರೆದಿರಬಾರದು.