ನಮ್ಮ ಕೆರೆ ತಾವರೆ, ಅಂಗಡಿ ತಾವರೆ ಬೀಜ

ಅಕ್ಕಂದಿರೆ, ಅಂಗಡೀಲಿ ‘ತಾವರೆ ಬೀಜ’ ಅಂತ ಬೆಳ್ಳಗೆ ಪುರಿ ತರ ಉಬ್ಬಿರೋದು ತಂದು ತುಪ್ಪದಲ್ಲಿ ಹುರೀತೀವಲ್ಲ, ಅದು ತಾವರೇದಲ್ಲ. ಅದು ಮಖಾನಾ. ಬಿಹಾರದ ಮಿಥಿಲೆ ಕಡೆ ಕೊಳಗಳಲ್ಲಿ ಬೆಳೆಯೋ, ಎಲೆ ತುಂಬಾ ಮುಳ್ಳಿರೋ ಗಿಡದ ಬೀಜ. 2022ರಲ್ಲಿ ‘ಮಿಥಿಲಾ ಮಖಾನಾ’ ಅಂತ ಸರ್ಕಾರದ ಭೌಗೋಳಿಕ ಗುರುತೂ ಸಿಕ್ಕೈತೆ. ಆ ಗಿಡ ನೈದಿಲೆಗೆ ನೆಂಟ, ತಾವರೆಗಲ್ಲ.

ನಿಜವಾದ ತಾವರೆ ಬೀಜ ಕೆರೇದು. ನಮ್ಮ ಸೀಮೇಲಿ ವರ್ಷವಿಡೀ ಹರಿಯೋ ಹೊಳೆ ಎಲ್ಲೈತೆ? ಪಾಲಾರು ನಂದಿಬೆಟ್ಟದ ಕಡೆ ಹುಟ್ಟಿ, ಬೇತಮಂಗಲ ದಾಟಿ ತಮಿಳುನಾಡಿಗೆ ಹೋಗುತ್ತೆ, ಅದೂ ಮಳೆ ಬಂದ್ರೆ. ಅದಕ್ಕೇ ಹಿಂದಿನೋರು ಸಾಲಾಗಿ ಕೆರೆ ಕಟ್ಟಿದ್ರು. ಮೇಲಿನ ಕೆರೆ ಕೋಡಿ ಬಿದ್ರೆ ಆ ನೀರು ಕೆಳಗಿನ ಕೆರೆಗೆ. ಆ ಕೆರೆಗಳಿಗೇ ಸಮುದ್ರ ಅಂತ ಹೆಸರಿಟ್ರು. ನಮ್ಮ ದೇವರಾಯಸಮುದ್ರದಲ್ಲಿರೋದು ವಿಜಯನಗರದ ರಾಜರ ಹೆಸರು. ಆ ರಾಜ್ಯಕ್ಕೆ ಮುಳಬಾಗಿಲೇ ಮೂಡಲ ಬಾಗಿಲು.

ದಳ ಉದುರಿದ ಮೇಲೆ ಉಳಿಯೋ ಕಾಯಿ ಜೇನುಗೂಡಿನ ತರ ಇರುತ್ತೆ. ಹಸಿರಾಗಿರುವಾಗ ಬೀಜ ಬಿಡಿಸಿ, ಸಿಪ್ಪೆ ಸುಲಿದು, ಒಳಗಿನ ಹಸಿರು ಮೊಳಕೆ ತೆಗೆದು ತಿನ್ನಬೇಕು. ಮೊಳಕೆ ಬರೀ ಕಹಿ. ನಮ್ಮಜ್ಜಿ ಬೀಜಾನ ಎರಡು ಹೋಳು ಮಾಡಿಯೇ ನಮ್ಮ ಕೈಗೆ ಕೊಡೋಳು. ರುಚಿ ಹಸಿ ಕಡ್ಲೇಕಾಯಿದು. ಬಲಿತು ಕಪ್ಪಾದ್ರೆ ಗುಂಡುಕಲ್ಲಲ್ಲೇ ಜಜ್ಜಬೇಕು. ಪೂಜೆ ಸಾಮಾನಿನ ಅಂಗಡೀಲಿ ಸಿಗೋ ಕಮಲದ ಮಣಿ ಅದೇ ಬೀಜ.

ಆ ಸಿಪ್ಪೆ ಎಷ್ಟು ಗಟ್ಟಿ ಅಂದ್ರೆ ಒಳಗಿನ ಜೀವಕ್ಕೆ ನೀರೂ ಸೋಕಲ್ಲ. ಚೀನಾದಲ್ಲಿ ಒಣಗಿಹೋದ ಒಂದು ಕೆರೆಯ ಮಣ್ಣಲ್ಲಿ ಸಿಕ್ಕ ತಾವರೆ ಬೀಜ ಸುಮಾರು 1300 ವರ್ಷ ಹಳೇದು. ಜೇನ್ ಶೆನ್-ಮಿಲ್ಲರ್ ಅನ್ನೋ ವಿಜ್ಞಾನಿ ಅದನ್ನ ಮೊಳೆಸಿ 1995ರಲ್ಲಿ ಜಗತ್ತಿಗೆ ತಿಳಿಸಿದ್ರು. ದೇವರಾಯರು ಹುಟ್ಟೋ ಎಷ್ಟೋ ಮುಂಚಿನ ಬೀಜ ಕಣ್ರೀ ಅದು!

ನಮ್ಮ ಜಿಲ್ಲೆ ಕೆರೆಗಳು ಒಣಗಿ ಬಿರುಕು ಬಿಟ್ಟು, ಜಾಲಿ ಬೆಳೆದಿದ್ದು ನೀವೂ ನೋಡಿದೀರಿ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧಿ ಮಾಡಿ, ಕೆ.ಸಿ. ವ್ಯಾಲಿ ಯೋಜನೇಲಿ ಕೋಲಾರದ ಕೆರೆಗಳಿಗೆ ಬಿಡ್ತಾವ್ರೆ. ನೀರೇನೋ ಬಂತು. ಆದ್ರೆ ತಾವರೆ ಇದ್ದ ಕೆರೇಲಿ ಜೆಸಿಬಿ ತಂದು ಗೋಡುಮಣ್ಣು ಪೂರ್ತಿ ಬಾಚಿದ್ರೆ ಬೀಜಾನೂ ಲಾರಿ ಹತ್ತಿಹೋಗುತ್ತೆ. ಗೋಡು ಹೊಲಕ್ಕೆ ಬೇಕು, ಬೇಡ ಅನ್ನಲ್ಲ. ಪಂಚಾಯ್ತೀಲಿ ಹೂಳು ತೆಗೆಸೋ ಮಾತು ಬಂದಾಗ, ತಾವರೆ ಇದ್ದ ಒಂದು ಮೂಲೆ ಮುಟ್ಟಬೇಡಿ ಅಂತ ನಾವು ಹೆಂಗಸರೇ ಕೇಳೋಣ.

ಮನೇಲಿ ಕಮಲದ ಮಣಿ ಇದ್ರೆ ಒಂದರ ತುದೀನ ಚಪ್ಪಡಿ ಮೇಲೆ ಉಜ್ಜಿ. ಒಳಗಿನ ಬಿಳುಪು ಕಂಡ ತಕ್ಷಣ ನಿಲ್ಲಿಸಿ, ನೀರಲ್ಲಿ ಹಾಕಿ, ದಿನಾ ನೀರು ಬದಲಾಯಿಸಿ. ಜೀವ ಇದ್ರೆ ವಾರದೊಳಗೆ ಹಸಿರು ಮೊಳಕೆ ಇಣುಕುತ್ತೆ.