ಕೊಪ್ಪಳದ ಕಂದಾಯ, ರೋಮಿನ ಅಮೃತಶಿಲೆ

ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳದ ಹಳೆಯ ತಲೆಮಾರಿನವರಿಗೆ ಹೈದರಾಬಾದ್ ಪರವೂರಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆ ಆಗುವವರೆಗೂ ಅದೇ ಅವರ ರಾಜಧಾನಿ. ಆಮೇಲೂ ಹಳೇ ಕಾಗದಪತ್ರ, ಮದುವೆಯ ಬಟ್ಟೆ, ದೊಡ್ಡಾಸ್ಪತ್ರೆಯ ಚೀಟಿ ಎಂದು ಏನಾದರೊಂದು ನೆಪದಲ್ಲಿ ಅಲ್ಲಿಗೆ ಹೋಗಿಬರುವುದು ತಪ್ಪಲಿಲ್ಲ. ಕೆಲಸ ಮುಗಿದು ಬಸ್ಸಿಗೆ ಇನ್ನೂ ನಾಲ್ಕು ತಾಸು ಇದ್ದರೆ ನಮ್ಮ ಜನ ಹೋಗುವ ಜಾಗ ಎರಡು. ಒಂದು ಚಾರ್‌ಮಿನಾರ್, ಇನ್ನೊಂದು ಮೂಸಿ ನದಿಯ ದಂಡೆಯ ಸಾಲಾರ್ ಜಂಗ್ ಮ್ಯೂಸಿಯಂ.

ಮ್ಯೂಸಿಯಂ ಎಂದರೆ ಮೌನವಾಗಿ ನಡೆಯುವ ಜಾಗ ಎಂಬ ಕಲ್ಪನೆ ಓದಿದವರಿಗಿದೆ. ಇಲ್ಲಿ ಅದು ನಡೆಯುವುದಿಲ್ಲ. ಇಲ್ಲಿನ ಗದ್ದಲ ಉರೂಸಿನ ಗದ್ದಲ. ಬುರ್ಖಾ ತೊಟ್ಟ ಹೆಂಗಸರು, ಇಳಕಲ್ ಸೀರೆಯ ಅಜ್ಜಿಯರು, ಶಾಲೆಯ ಮಕ್ಕಳ ಸಾಲು, ಕಂಕುಳಲ್ಲಿ ಕೂಸು. ಎಲ್ಲರೂ ಒಂದು ಗಡಿಯಾರದ ಮುಂದೆ ಬಂದು ನೆಲದ ಮೇಲೆ ಕೂರುತ್ತಾರೆ. ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಕಂಪನಿಯ ಗಡಿಯಾರವದು. ಗಂಟೆ ತುಂಬುವ ಮೊದಲು ಪುಟ್ಟ ಬೊಂಬೆಯೊಂದು ಬಾಗಿಲು ತೆರೆದು ಹೊರಬರುತ್ತದೆ, ಎಷ್ಟು ಗಂಟೆಯೋ ಅಷ್ಟು ಸಲ ಜಾಗಟೆ ಬಾರಿಸುತ್ತದೆ, ಒಳಗೆ ಹೋಗುತ್ತದೆ. ಅಷ್ಟೇ. ಹನ್ನೆರಡು ಗಂಟೆಗೆ ಅತಿ ಹೆಚ್ಚು ಜನ, ಯಾಕೆಂದರೆ ಪೆಟ್ಟು ಹೆಚ್ಚು. ಕಲಾವಿಮರ್ಶಕರು ಈ ಗಡಿಯಾರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆದರೆ ಒಂದು ಊರಿನಷ್ಟು ಜನ ಒಟ್ಟಿಗೆ ಕೂತು ಒಂದೇ ವಸ್ತುವನ್ನು ಉಸಿರು ಬಿಗಿಹಿಡಿದು ನೋಡುವ ದೃಶ್ಯ ಬೇರೆ ಯಾವ ಮ್ಯೂಸಿಯಮ್ಮಿನಲ್ಲೂ ನಾನು ಕಂಡಿಲ್ಲ.

ಇದನ್ನೆಲ್ಲ ಕೂಡಿಹಾಕಿದ್ದು ಹೆಚ್ಚಾಗಿ ಒಬ್ಬರೇ. ಮೂರನೆಯ ಸಾಲಾರ್ ಜಂಗ್, ನವಾಬ್ ಮೀರ್ ಯೂಸುಫ್ ಅಲಿ ಖಾನ್. ಹುಟ್ಟಿದ್ದು 1889ರಲ್ಲಿ, ಪುಣೆಯಲ್ಲಿ. ಹುಟ್ಟಿದ ತಿಂಗಳೊಳಗೆ ತಂದೆ ತೀರಿಹೋದರು. 1912ರಲ್ಲಿ, ಇನ್ನೂ ಇಪ್ಪತ್ತಮೂರು ವರ್ಷಕ್ಕೇ ನಿಜಾಮರ ಪ್ರಧಾನಿಯಾದರು. ಎರಡೇ ವರ್ಷ. 1914ರಲ್ಲಿ ಹುದ್ದೆ ಬಿಟ್ಟ ಮೇಲೆ ಉಳಿದ ಮೂವತ್ತೈದು ವರ್ಷ ಮಾಡಿದ ಮುಖ್ಯ ಕೆಲಸ ಕೊಳ್ಳುವುದು. ಚಿತ್ರ, ಹಸ್ತಪ್ರತಿ, ಗಾಜು, ಪಿಂಗಾಣಿ, ಕತ್ತಿ, ಗಡಿಯಾರ, ಆಟಿಕೆ. ಮದುವೆಯಾಗಲಿಲ್ಲ. 1949ರ ಮಾರ್ಚ್ 2ರಂದು ತೀರಿಕೊಂಡಾಗ ದೀವಾನ್ ದೇವಡಿಯ ಕೋಣೆ ಕೋಣೆಗಳಲ್ಲಿ ಸಾಮಾನು ತುಂಬಿತ್ತು, ವಾರಸುದಾರ ಮಕ್ಕಳಿರಲಿಲ್ಲ. ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿ ಆಗ ಆರು ತಿಂಗಳಾಗಿತ್ತಷ್ಟೆ. ಅದೇ ವರ್ಷ ಜಹಗೀರುಗಳೂ ರದ್ದಾದವು. ಅರಮನೆಯೊಳಗಿನ ಸಂಗ್ರಹ ಬೀದಿಪಾಲಾಗಿ ಹರಾಜಾಗಲು ಅದಕ್ಕಿಂತ ತಕ್ಕ ಗಳಿಗೆ ಇರಲಿಲ್ಲ.

ಹಾಗಾಗಲಿಲ್ಲ. ಆಗ ಹೈದರಾಬಾದಿನ ಆಡಳಿತ ನಡೆಸುತ್ತಿದ್ದ ಎಂ.ಕೆ. ವೆಲ್ಲೋಡಿ ಇದನ್ನೆಲ್ಲ ಮ್ಯೂಸಿಯಂ ಮಾಡಬೇಕೆಂದು ಬಯಸಿದರು. ಚೆಲ್ಲಾಪಿಲ್ಲಿಯಾಗಿದ್ದ ವಸ್ತುಗಳನ್ನು ಜೋಡಿಸಿಕೊಡಲು ಕರೆದದ್ದು ಐರ್ಲೆಂಡಿನ ಕವಿ, ಕಲಾವಿಮರ್ಶಕ ಜೇಮ್ಸ್ ಕಸಿನ್ಸ್ ಅವರನ್ನು. ಈ ಹೆಸರು ಕನ್ನಡಿಗರಿಗೆ ಹೊಸತಲ್ಲ. 1924ರಲ್ಲಿ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ತರುಣ ಪುಟ್ಟಪ್ಪನವರಿಗೆ ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಹೇಳಿದವರು ಇವರೇ. ಆ ಪುಟ್ಟಪ್ಪ ಕುವೆಂಪು ಆದರು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ರೂಪುಗೊಂಡದ್ದರಲ್ಲೂ ಕಸಿನ್ಸ್ ಅವರ ಪಾತ್ರವಿತ್ತು. ಒಬ್ಬ ಪರದೇಶಿಯ ಕಣ್ಣಿಗೆ ನಾವು ಇಷ್ಟೆಲ್ಲ ಋಣಿಗಳು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಅರ್ಧ ಮಾತ್ರ ಹೇಳುತ್ತವೆ.

1951ರ ಡಿಸೆಂಬರ್ 16ರಂದು ನೆಹರೂ ದೇವಡಿಯ ಬಾಗಿಲನ್ನು ಸಾರ್ವಜನಿಕರಿಗೆ ತೆರೆದರು. 1961ರಲ್ಲಿ ಸಂಸತ್ತು ಕಾಯ್ದೆ ಮಾಡಿ ಇದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದಿತು. 1968ರಲ್ಲಿ ಈಗಿರುವ ಕಟ್ಟಡಕ್ಕೆ ಬಂತು. ಕಲಾವಸ್ತುಗಳೇ 40,000ಕ್ಕೂ ಹೆಚ್ಚು. ಒಂದು ದಿನದಲ್ಲಿ ನೋಡಿ ಮುಗಿಯುವಂಥದ್ದಲ್ಲ. ನೋಡಿ ಮುಗಿಸಿದೆವು ಎನ್ನುವವರು ಗಡಿಯಾರವನ್ನೂ ರೆಬೆಕ್ಕಳನ್ನೂ ನೋಡಿ ಬಂದಿರುತ್ತಾರೆ.

ರೆಬೆಕ್ಕಳ ಬಗ್ಗೆ ಸ್ವಲ್ಪ ಹೇಳಬೇಕು. ಹಜರತ್ ಇಸ್‌ಹಾಕ್‌ರನ್ನು ವರಿಸಲು ಬಂದ ಹುಡುಗಿ ದೂರದಿಂದ ಅವರನ್ನು ಕಂಡೊಡನೆ ಮುಸುಕೆಳೆದುಕೊಂಡಳು ಎಂದು ಬೈಬಲಿನಲ್ಲಿ ಕತೆಯಿದೆ. ಇಟಲಿಯ ಶಿಲ್ಪಿ ಬೆಂಜೋನಿ ಅದನ್ನು ಅಮೃತಶಿಲೆಯಲ್ಲಿ ಕಡೆದ. ಕಲ್ಲಿನದೇ ಮುಖ, ಆ ಮುಖದ ಮೇಲೆ ಕಲ್ಲಿನದೇ ಮುಸುಕು. ಮುಸುಕಿನ ಹಿಂದೆ ಮೂಗು, ತುಟಿ, ರೆಪ್ಪೆ ಕಾಣುತ್ತವೆ. ನಾನು ನಿಂತಿದ್ದಾಗ ಪಕ್ಕದಲ್ಲಿದ್ದ, ಧೋತರ ಉಟ್ಟ ಹಿರಿಯರೊಬ್ಬರು ತಮ್ಮ ಮಗನಿಗೆ, "ಅರಿಬಿ ನೀರಾಗ ಎದ್ದಿ ಹೊಚ್ಚ್ಯಾರೇನೋ, ನೋಡಲೇ" ಎಂದರು. ವಿಮರ್ಶಕರು ಪುಟಗಟ್ಟಲೆ ಬರೆದದ್ದೂ ಇದನ್ನೇ.

ಈ ಮೂರ್ತಿಯನ್ನು ತಂದವರು ಮೂರನೆಯವರಲ್ಲ, ಅವರ ಅಜ್ಜ. ಮೂವತ್ತು ವರ್ಷ, 1853ರಿಂದ 1883ರವರೆಗೆ, ಹೈದರಾಬಾದಿನ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗ್. 1876ರಲ್ಲಿ ಯುರೋಪ್ ಪ್ರವಾಸಕ್ಕೆ ಹೋದಾಗ ರೋಮಿನಲ್ಲಿ ಕೊಂಡರು. ಯಾವ ದುಡ್ಡಿನಿಂದ ಎಂದು ಕೇಳುವ ಹಕ್ಕು ನಮ್ಮ ಸೀಮೆಯವರಿಗಿದೆ. ಸಾಲಾರ್ ಜಂಗ್ ಮನೆತನದ ಸಿರಿಯ ದೊಡ್ಡ ಮೂಲ ಜಹಗೀರುಗಳು, ಮತ್ತು ಅವುಗಳಲ್ಲಿ ಕೊಪ್ಪಳ, ಯಲಬುರ್ಗ ತಾಲ್ಲೂಕುಗಳೂ ಸೇರಿದ್ದವು. 1858ರಲ್ಲಿ ಮುಂಡರಗಿ ಭೀಮರಾಯರು ಬ್ರಿಟಿಷರ ವಿರುದ್ಧ ಕಾದಾಡಿ ಮಡಿದ ಕೊಪ್ಪಳದ ಕೋಟೆಯೇ ಅದು. ಅತ್ತ ಅದೇ ದಿನಗಳಲ್ಲಿ ಜಹಗೀರಿನ ಒಡೆಯರು ಹೈದರಾಬಾದನ್ನು ಬ್ರಿಟಿಷರ ಪಕ್ಕ ಭದ್ರವಾಗಿ ನಿಲ್ಲಿಸಿದ್ದರು.

1876 ಇನ್ನೊಂದು ಕಾರಣಕ್ಕೂ ನಮ್ಮ ಕಡೆ ಮರೆಯದ ವರ್ಷ. ದಿವಾನರು ಯುರೋಪಿನಿಂದ ಮರಳುವ ಹೊತ್ತಿಗೆ ಇಲ್ಲಿ ಮಳೆ ಕೈಕೊಟ್ಟಿತ್ತು. ಧಾತು, ಈಶ್ವರ ಸಂವತ್ಸರಗಳೆರಡರ ಆ ಬರ ರಾಯಚೂರು, ಬಳ್ಳಾರಿ, ಧಾರವಾಡ ಸೀಮೆಗಳನ್ನು ಹಿಂಡಿತು. ಮೈಸೂರು ಸಂಸ್ಥಾನವೊಂದರಲ್ಲೇ ಹತ್ತು ಲಕ್ಷದಷ್ಟು ಜನ ಸತ್ತರು. ಮೂರ್ತಿ ಕೊಂಡಾಗ ಬರ ಇನ್ನೂ ಬಂದಿರಲಿಲ್ಲ ಎಂಬುದು ನಿಜ. ಹೊಟ್ಟೆಗಿಲ್ಲದವರ ಎದುರು ಮೂರ್ತಿ ಕೊಂಡರು ಎಂದರೆ ಅನ್ಯಾಯವಾದೀತು. ಅಷ್ಟೇ ಅಲ್ಲ, ಕಂದಾಯ ವಸೂಲಿಯನ್ನು ಗುತ್ತಿಗೆಗೆ ಕೊಡುವ ಕೆಟ್ಟ ಪದ್ಧತಿಯನ್ನು ನಿಲ್ಲಿಸಿ, ಸಂಸ್ಥಾನಕ್ಕೆ ಜಿಲ್ಲಾ ಆಡಳಿತ ಕೊಟ್ಟವರೂ ಇದೇ ಸಾಲಾರ್ ಜಂಗ್. ಆದರೂ ಎರಡು ಲೆಕ್ಕಗಳನ್ನು ಒಂದೇ ಪುಟದಲ್ಲಿ ಇಟ್ಟು ನೋಡದೆ ಇರಲಾಗದು. ಮಳೆ ನಂಬಿದ ಎರೆಹೊಲದ ಜೋಳ ಕಂದಾಯವಾಗುತ್ತದೆ, ಕಂದಾಯ ದೇವಡಿಗೆ ಹೋಗುತ್ತದೆ, ದೇವಡಿಯಿಂದ ರೋಮಿಗೆ.

ನವಾಬರ ಭೋಗ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಕೆಲವರಿಗೆ ಆ ಮಾತಿನಲ್ಲಿ ಬೇರೆಯೇ ಖುಷಿ ಇರುತ್ತದೆ. ಮೈಸೂರು ಅರಮನೆಯ ದೀಪ ನೋಡುವಾಗ ಅವರಿಗೆ ಈ ಲೆಕ್ಕ ನೆನಪಾಗುವುದಿಲ್ಲ. ಇನ್ನು ನಮ್ಮಲ್ಲಿ ಕೆಲವರು ಹಳೆಯ ವೈಭವ ಎಂದು ನಿಟ್ಟುಸಿರುಬಿಟ್ಟು ಲೆಕ್ಕವನ್ನೇ ಮರೆಯುತ್ತಾರೆ. ಧೋತರದ ಆ ಹಿರಿಯರು ಕೊಪ್ಪಳದ ಕಡೆಯವರೇ ಎಂದು ಮಾತಿನಲ್ಲಿ ತಿಳಿಯಿತು. ನಿಮ್ಮೂರು ಹಿಂದೆ ಈ ನವಾಬರದೇ ಜಹಗೀರಾಗಿತ್ತು ಯಜಮಾನರೇ ಎಂದೆ. ಅವರು ಮೂರ್ತಿಯನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, "ಹಂಗಾರ ಇದರಾಗ ನಮ್ಮ ಮುತ್ಯಾಂದೂ ಎರಡು ರೂಪಾಯಿ ಅದಾವ ಅನ್ರಿ" ಎಂದರು. ಸಿಟ್ಟಿರಲಿಲ್ಲ. ತಮ್ಮ ಹೊಲ ನೋಡುವವರ ಹಾಗೆ ಸುತ್ತು ಹಾಕಿ ಹಿಂಬದಿಯಿಂದಲೂ ನೋಡಿದರು.

ಬಿದ್ರಿ ಸಾಮಾನಿನ ಕೋಣೆಯಲ್ಲಿ ಜನ ಕಡಿಮೆ. ನನಗೆ ಹೆಚ್ಚು ಹೊತ್ತು ಹೋಗುವುದು ಅಲ್ಲೇ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೀರಿ, ಆ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿ ನೀರಿನಲ್ಲಿ ಹಾಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗೇ ಉಳಿಯುತ್ತದೆ. ಹುಕ್ಕಾ, ಪಾನ್‌ದಾನ್, ಸುರಾಹಿ, ಉಗಾಲ್‌ದಾನ್. ಎಲ್ಲ ಮನೆಬಳಕೆಯವು. ಎಲೆ ಉಗುಳುವ ಪಾತ್ರೆಗೂ ಬೆಳ್ಳಿಯ ಗಸಗಸೆ ಹೂ ಬಿಡಿಸಿದವನ ತಾಳ್ಮೆಗೆ ಏನೆನ್ನಬೇಕು? ಕೊಂಡವರ ಹೆಸರು ಕಟ್ಟಡದ ಮೇಲಿದೆ, ಮಾಡಿದವರ ಹೆಸರು ಹೆಚ್ಚಿನ ಸಾಮಾನುಗಳ ಮೇಲಿಲ್ಲ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಒಬ್ಬ ಬಿದ್ರಿ ಕುಶಲಕರ್ಮಿಯ ಹೆಸರನ್ನು ದೇಶ ಹೇಳಿದ ಅಪರೂಪದ ಸಂದರ್ಭ.

ಹೊರಗೆ ಬಂದರೆ ಮೂಸಿ. 1908ರ ಸೆಪ್ಟೆಂಬರ್ 28ರಂದು ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋದ ನದಿ. ಮರುವರ್ಷ ಪರಿಹಾರ ಹುಡುಕಲು ನಿಜಾಮ್ ಸರ್ಕಾರ ಕರೆಸಿದ್ದು ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆಮೇಲೆ ಬಂದವು. ಆಚೆ ದಂಡೆಯಲ್ಲಿ ಉಸ್ಮಾನಿಯಾ ಆಸ್ಪತ್ರೆಯ ಗುಮ್ಮಟಗಳು. ಶಿಥಿಲವಾಗಿ 2020ರಲ್ಲಿ ಆ ಹಳೆಯ ಕಟ್ಟಡಕ್ಕೆ ಬೀಗ ಬಿತ್ತು. ಅದರ ಆವರಣದಲ್ಲಿ ಒಂದು ಹುಣಸೆಮರವಿದೆ. ಪ್ರವಾಹದ ದಿನ ಅದನ್ನು ಹತ್ತಿ ನೂರೈವತ್ತು ಜನ ಬದುಕಿದರು ಎನ್ನುತ್ತಾರೆ.

ಮ್ಯೂಸಿಯಮ್ಮಿನ ಜನರಲ್ಲಿ ಒಂದು ಪಾಲು ಯಾವಾಗಲೂ ಈ ದಂಡೆಯಿಂದ ಆ ದಂಡೆಗೆ ಬಂದವರೇ. ರೋಗಿ ಮಲಗಿದ್ದಾನೆ, ರಿಪೋರ್ಟು ಸಂಜೆಗೆ. ಅಲ್ಲಿಯವರೆಗೆ ಏನು ಮಾಡುವುದು? ಸೇತುವೆ ದಾಟುತ್ತಾರೆ. ಮನೆಯಲ್ಲಿ ಕಷ್ಟ ಇರುವಾಗ ಬೊಂಬೆ ನೋಡಲು ಹೋಗುವುದೇ ಎಂದು ಹುಬ್ಬೇರಿಸುವವರಿದ್ದಾರೆ. ವಾರಗಟ್ಟಲೆ ವಾರ್ಡಿನ ಬಾಗಿಲಲ್ಲಿ ಕೂತವರು ಹಾಗೆ ಕೇಳಲಾರರು.

ನೋಡಿ ದಣಿದ ಮೇಲೆ ಚಹಾ. ಇರಾನಿನಿಂದ ಬಂದವರು ಬೀದಿಯ ಮೂಲೆಗಳಲ್ಲಿ ತೆರೆದ ಹೋಟೆಲುಗಳು ಹಲವು ಮುಚ್ಚಿದರೂ ಇರಾನಿ ಚಹಾ ಉಳಿದಿದೆ. ಗಟ್ಟಿ, ಸಿಹಿ, ಕೆನೆಹಾಲು. ಜೊತೆಗೆ ಉಸ್ಮಾನಿಯಾ ಬಿಸ್ಕತ್ತು, ಸಿಹಿಯೂ ಹೌದು ಉಪ್ಪೂ ಹೌದು. ಆಸ್ಪತ್ರೆಯ ರೋಗಿಗಳಿಗೆಂದೇ ಮೊದಲು ಮಾಡಿದ್ದರಿಂದ ಆ ಹೆಸರು ಬಂತೆಂದು ಅಲ್ಲಿನವರು ಕತೆ ಹೇಳುತ್ತಾರೆ. ಹೆಂಗಸರು ಅಲ್ಲಿಂದ ಲಾಡ್ ಬಜಾರಿಗೆ ಹೋಗಿ ಹರಳಿನ ಬಳೆ ನೋಡುತ್ತಾರೆ. ಹತ್ತು ಅಂಗಡಿಯಲ್ಲಿ ನೋಡಿ ಒಂದರಲ್ಲಿ ಕೊಳ್ಳುವುದು, ಇಲ್ಲವೇ ಕೊಳ್ಳದೆ ಬರುವುದು. ಗಂಡಸರು ಅರ್ಧ ಕಿಲೋ ಬಿಸ್ಕತ್ತು ಕಟ್ಟಿಸಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿಯುತ್ತಾರೆ. ಬೀದರಿನ ಬಸ್ಸು ಜಹೀರಾಬಾದ್ ದಾಟುವಷ್ಟರಲ್ಲಿ ಪೊಟ್ಟಣ ಬಿಚ್ಚಿಯಾಗಿರುತ್ತದೆ, ಪಕ್ಕದ ಸೀಟಿನವರಿಗೂ ಎರಡು ಹೋಗಿರುತ್ತವೆ.