ಆರರಿಂದ ಎಂಟನೇ ತರಗತಿ: ಪಾಠಕ್ಕೆ ಒಗ್ಗುವ ತಂತ್ರಜ್ಞಾನ

ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳ ತರಗತಿಯಲ್ಲಿ ಕಂಪ್ಯೂಟರ್, ಪ್ರೊಜೆಕ್ಟರ್ ಅಥವಾ ಅಳತೆಯ ಸಣ್ಣ ಉಪಕರಣವನ್ನು ಪಾಠದ ಒಂದು ತೊಡಕು ಬಿಡಿಸಲೆಂದೇ ಬಳಸುವ ಕ್ರಮವಿದು. ಯಾವ ಯಂತ್ರ ಎಂಬುದು ಇಲ್ಲಿ ಎರಡನೆಯ ಪ್ರಶ್ನೆ. ಮಕ್ಕಳು ಪಾಠದ ಯಾವ ಜಾಗದಲ್ಲಿ ಎಡವುತ್ತಾರೆ ಎಂಬುದು ಮೊದಲನೆಯದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯನ್ನು ಮಧ್ಯಮ ಹಂತವೆಂದು ಗುರುತಿಸಿದೆ. ಕಣ್ಣಿಗೆ ಕಾಣದ ಸಂಗತಿಗಳನ್ನು, ಅಂದರೆ ಬೀಜಗಣಿತದ ಅಕ್ಷರ, ಅಣು, ಅನುಪಾತಗಳನ್ನು ಮಕ್ಕಳು ಮನಸ್ಸಿನಲ್ಲೇ ತಿರುಗಿಸಿ ನೋಡಲು ಕಲಿಯುವುದು ಈ ವಯಸ್ಸಿನಲ್ಲಿ. ಗೆಳೆಯರ ಎದುರು ತಪ್ಪಾಗುವುದಕ್ಕೆ ಹೆಚ್ಚು ಹೆದರುವುದೂ ಇದೇ ವಯಸ್ಸಿನಲ್ಲಿ.

ಶಾಲೆಗೆ ಬಂದಿಳಿದದ್ದು

ತಿರುಪ್ಪೂರು ಜಿಲ್ಲೆಯ ಊತ್ತುಕುಳಿ ತಾಲ್ಲೂಕಿನ ಕುನ್ನತ್ತೂರಿನಂಥ ಪುಟ್ಟ ಪಟ್ಟಣಗಳಿಗೂ ತಮಿಳುನಾಡಿನಲ್ಲಿ ತಂತ್ರಜ್ಞಾನ ಅಲೆಅಲೆಯಾಗಿ ತಲುಪಿದೆ. 2018ರಲ್ಲಿ ಒಂದು, ಆರು, ಒಂಬತ್ತು ಮತ್ತು ಹನ್ನೊಂದನೇ ತರಗತಿಗಳ ಹೊಸ ಪಠ್ಯಪುಸ್ತಕಗಳು ಕ್ಯೂಆರ್ ಕೋಡ್ ಹೊತ್ತು ಬಂದವು. 2019ರಲ್ಲಿ ರಾಜ್ಯ ಸರ್ಕಾರದ ಶೈಕ್ಷಣಿಕ ವಾಹಿನಿ ಕಲ್ವಿ ಟಿವಿ ಶುರುವಾಯಿತು. ರಾಜ್ಯದ ಆರು ಸಾವಿರಕ್ಕೂ ಹೆಚ್ಚು ಸರ್ಕಾರಿ ಪ್ರೌಢ ಮತ್ತು ಹೈಯರ್ ಸೆಕೆಂಡರಿ ಶಾಲೆಗಳಿಗೆ ಹೈಟೆಕ್ ಲ್ಯಾಬ್‌ಗಳು ಬಂದವು. ಸಾಮಾನು ಬಂದದ್ದು ಸಣ್ಣ ಮಾತಲ್ಲ. ಆದರೆ ಪುಸ್ತಕದಲ್ಲಿ ಕೋಡ್ ಇದ್ದ ಮಾತ್ರಕ್ಕೆ ಪಾಠದಲ್ಲಿ ಅದಕ್ಕೊಂದು ಜಾಗ ಸಿಕ್ಕಿತು ಎನ್ನಲಾಗದು. ಆ ಜಾಗ ಹುಡುಕಬೇಕಾದವರು ಮೇಷ್ಟ್ರು, ಟೀಚರು.

ಚಾಮರಾಜನಗರದ ಅನುಭವ

ಕನ್ನಡ ನಾಡು ಈ ಪಾಠವನ್ನು ಬಹಳ ಹಿಂದೆಯೇ ಕಲಿತಿದೆ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಹಾರಿದ ಎಜುಸ್ಯಾಟ್, ಶಿಕ್ಷಣಕ್ಕೆಂದೇ ಮೀಸಲಾದ ಭಾರತದ ಮೊದಲ ಉಪಗ್ರಹ. ತಮಿಳುನಾಡಿನ ಗಡಿಗೆ ಅಂಟಿಕೊಂಡ ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಕನ್ನಡ ಪಾಠಗಳು ಪ್ರಸಾರವಾದವು. ದೂರದ ಹಳ್ಳಿಗೂ ಒಳ್ಳೆಯ ಪಾಠ ಮುಟ್ಟಬೇಕೆಂಬ ಆ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಶಾಲೆಯ ಡಿಶ್ ಸಂಕೇತವನ್ನು ಪಡೆಯಬಲ್ಲದಾಗಿತ್ತೇ ಹೊರತು ಮರಳಿ ಕಳಿಸುವಂತಿರಲಿಲ್ಲ. ಭಿನ್ನರಾಶಿಯ ಎರಡನೇ ಹೆಜ್ಜೆಯಲ್ಲೇ ಮಗು ನಿಂತುಬಿಟ್ಟರೂ ಪಾಠ ಮುಂದಕ್ಕೆ ಓಡುತ್ತಿತ್ತು. ಇಂದಿನ ಸ್ಮಾರ್ಟ್ ಬೋರ್ಡಿನ ವಿಡಿಯೋವನ್ನು ನಿಲ್ಲಿಸಬಹುದು, ಆದರೆ ನಿಲ್ಲಿಸಿ ಮಕ್ಕಳನ್ನು ಏನು ಕೇಳಬೇಕೆಂದು ಮೊದಲೇ ಯೋಚಿಸದಿದ್ದರೆ ಅದೂ ಅದೇ ಡಿಶ್.

ಸಾಕ್ಷ್ಯ ಏನು ಹೇಳುತ್ತದೆ

ಪೆರು ದೇಶದಲ್ಲಿ ಹಳ್ಳಿ ಶಾಲೆಗಳ ಮಕ್ಕಳ ಕೈಗೆ ಲ್ಯಾಪ್‌ಟಾಪ್ ಕೊಟ್ಟು, 319 ಶಾಲೆಗಳಲ್ಲಿ ಪರಿಣಾಮ ಅಳೆದಾಗ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಏರಿಕೆ ಕಾಣಲಿಲ್ಲ. ದಿಲ್ಲಿಯಲ್ಲಿ ಮಾಧ್ಯಮಿಕ ಶಾಲೆಯ 619 ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಮೈಂಡ್‌ಸ್ಪಾರ್ಕ್ ಎಂಬ ಕಲಿಕಾ ತಂತ್ರಾಂಶದ ಅಧ್ಯಯನದ ಫಲಿತಾಂಶ ಬೇರೆ. ಅದನ್ನು ಬಳಸುವ ಅವಕಾಶಕ್ಕೆ ಲಾಟರಿಯಲ್ಲಿ ಆಯ್ಕೆಯಾದ ಮಕ್ಕಳ ಗಣಿತ, ಆಯ್ಕೆಯಾಗದವರಿಗೆ ಹೋಲಿಸಿದರೆ, ಕೇವಲ ನಾಲ್ಕೂವರೆ ತಿಂಗಳಲ್ಲಿ ಪ್ರಮಾಣಿತ ವಿಚಲನೆಯ (ಅಂಕಗಳು ಎಷ್ಟು ಹರಡಿವೆ ಎಂಬ ಅಳತೆಯ) 0.37ರಷ್ಟು, ಹಿಂದಿ 0.23ರಷ್ಟು ಸುಧಾರಿಸಿತು. ಆ ತಂತ್ರಾಂಶ ಮಗುವಿನ ತರಗತಿಯನ್ನು ನೋಡದೆ, ಅದು ನಿಜವಾಗಿ ನಿಂತಿದ್ದ ಮಟ್ಟದಿಂದ ಪ್ರಶ್ನೆ ಕೇಳುತ್ತಿತ್ತು. ಎಂಟನೇ ತರಗತಿಯ ಬೆಂಚಿನ ಮೇಲೆ ಕೂತು ಐದನೇ ತರಗತಿಯ ಲೆಕ್ಕದಲ್ಲಿ ಸಿಕ್ಕಿಬಿದ್ದ ಮಗುವಿಗೆ, ಯಾರೂ ನಗದ ಪರದೆಯ ಮುಂದೆ ಹಿಂದಕ್ಕೆ ಹೋಗಿ ಬರುವ ಅವಕಾಶ ದೊರೆಯಿತು. ಜೊತೆಗೆ ಸಣ್ಣ ಗುಂಪಿನಲ್ಲಿ ಸಹಾಯಕ ಶಿಕ್ಷಕರ ಪಾಠವೂ ಇತ್ತು. ಅದನ್ನು ಬಿಟ್ಟು ತಂತ್ರಾಂಶವನ್ನಷ್ಟೇ ಹೊಗಳುವುದು ತಪ್ಪು.

ಕಾಗದ ಸಾಕಾದಾಗ

ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ತೋರಿಸಲು ಕಾಗದದ ತ್ರಿಕೋನದ ಮೂಲೆಗಳನ್ನು ಹರಿದು ಒಂದೇ ಗೆರೆಯ ಮೇಲೆ ಜೋಡಿಸಿದರೆ ಸಾಕು. ಕೈಯಲ್ಲಿ ಹರಿದದ್ದು ಬೇಗ ಮರೆಯುವುದಿಲ್ಲ. ಆದರೆ ಎಲ್ಲ ತ್ರಿಕೋನಕ್ಕೂ ಹೀಗೇ ಆಗುತ್ತದೆಯೇ ಎಂದು ಒಬ್ಬಳು ಕೇಳಿದಳು ಎನ್ನಿ. ಆಗ ಜಿಯೋಜೀಬ್ರಾ ತೆರೆಯಬೇಕು. 2001ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಆರಂಭಿಸಿದ ಈ ಉಚಿತ ತಂತ್ರಾಂಶದಲ್ಲಿ ಒಂದು ಶೃಂಗವನ್ನು ಎಳೆದಾಡಿದರೆ ಕೋನಗಳು ಬದಲಾಗುತ್ತಲೇ ಇರುತ್ತವೆ, ಮೊತ್ತ ಮಾತ್ರ ಅಲುಗುವುದಿಲ್ಲ.

ನೊಯ್ಯಲ್ ನೀರಿನ ಪಾಠ

ತಿರುಪ್ಪೂರಿನ ಸುತ್ತಣ ಮಕ್ಕಳಿಗೆ ಬನಿಯನ್ ಕಾರ್ಖಾನೆ, ಬಟ್ಟೆಗೆ ಬಣ್ಣ ಹಾಕುವ ಘಟಕ, ನೊಯ್ಯಲ್ ನದಿ ಇವೆಲ್ಲ ಮನೆಯ ಮಾತು. ನದಿಗೆ ಅಡ್ಡಲಾಗಿ 1992ರಲ್ಲಿ ಮುಗಿದ ಒರತ್ತುಪ್ಪಾಳಯಂ ಅಣೆಕಟ್ಟೆಯಲ್ಲಿ ಬಣ್ಣದ ಘಟಕಗಳ ಉಪ್ಪುನೀರು ತುಂಬಿ, ಕೆಳಗಿನ ರೈತರ ಹೊಲ ಬಾವಿಗಳು ಕೆಟ್ಟವು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ಏಳನೇ ತರಗತಿಯ ವಿಜ್ಞಾನಕ್ಕೆ ಇದಕ್ಕಿಂತ ಹತ್ತಿರದ ವಿಷಯ ಈ ಭಾಗದಲ್ಲಿ ನನಗೆ ತೋಚುವುದಿಲ್ಲ.

ಬೇಕಾದದ್ದು ಒಂದು ಟಿಡಿಎಸ್ ಮೀಟರ್. ಫಿಲ್ಟರ್ ಹಾಕಲು ಮನೆಗೆ ಬರುವವರು ಲೋಟದ ನೀರಿಗೆ ಅದ್ದಿ ಅಂಕಿ ತೋರಿಸುತ್ತಾರಲ್ಲ, ಅದೇ ಪೆನ್ನಿನಂಥ ಸಾಧನ. ನೀರಿನಲ್ಲಿ ಕರಗಿದ ಲವಣ ವಿದ್ಯುತ್ತನ್ನು ಹರಿಯಬಿಡುತ್ತದೆ. ಎಷ್ಟು ಹರಿಯಿತು ಎಂಬುದರಿಂದ ಲವಣದ ಪ್ರಮಾಣವನ್ನು ಅದು ಅಂದಾಜಿಸುತ್ತದೆ. ಮಕ್ಕಳು ಮನೆಯ ಕೊಳವೆಬಾವಿ, ಪಂಚಾಯಿತಿ ನಲ್ಲಿ, ಮಳೆನೀರು ಇವುಗಳನ್ನು ಬಾಟಲಿಯಲ್ಲಿ ತರಲಿ. ನದಿಯ ನೀರನ್ನು ಮಾತ್ರ ದೊಡ್ಡವರೇ ತುಂಬಿಕೊಂಡು ಬರಬೇಕು. ಅಳೆಯುವ ಮೊದಲು ಪ್ರತಿ ಗುಂಪೂ ತನ್ನ ಊಹೆಯನ್ನು ಬರೆದಿಡಬೇಕು. ಈ ಹೆಜ್ಜೆ ಬಿಟ್ಟರೆ ಪಾಠ ಬರೀ ಅಂಕಿ ಓದುವ ಕೆಲಸವಾಗುತ್ತದೆ. ಆಮೇಲೆ ಲ್ಯಾಬಿನ ಕಂಪ್ಯೂಟರಿನಲ್ಲಿ ಎಲ್ಲ ಗುಂಪಿನ ಅಂಕಿಗಳನ್ನು ಒಂದೇ ಸ್ಪ್ರೆಡ್‌ಶೀಟಿಗೆ ತುಂಬಿ ಸ್ತಂಭನಕ್ಷೆ ಮಾಡಿದರೆ, ಕುಡಿಯುವ ನೀರಿನ ಭಾರತೀಯ ಮಾನಕದ ಲೀಟರಿಗೆ 500 ಮಿಲಿಗ್ರಾಂ ಗೆರೆಯನ್ನು ಯಾವ ನೀರು ದಾಟಿತು ಎಂಬುದು ಗೋಡೆಯ ಮೇಲೆ ಕಾಣುತ್ತದೆ. ಬೇರೆ ನೀರಿನ ಮೂಲವೇ ಇಲ್ಲದಾಗ 2000ದವರೆಗೂ ಅದೇ ಮಾನಕ ಒಪ್ಪುತ್ತದೆ, ಏಕೆ ಎಂಬ ಚರ್ಚೆಗೇ ಒಂದು ಪೀರಿಯಡ್ ಬೇಕು. ಈ ಮೀಟರ್ ಕ್ರಿಮಿಗಳನ್ನಾಗಲಿ ನಿರ್ದಿಷ್ಟ ವಿಷವನ್ನಾಗಲಿ ಗುರುತಿಸುವುದಿಲ್ಲ. ಉಪಕರಣ ಏನನ್ನು ಹೇಳಲಾರದು ಎಂದು ತಿಳಿಯುವುದೂ ವಿಜ್ಞಾನವೇ.

ಮನೆಮಾತು ಕನ್ನಡವಾದಾಗ

ತಿರುಪ್ಪೂರು, ಈರೋಡು ಸೇರಿದ ಕೊಂಗುನಾಡಿನಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎನ್ನುವ ಕುಟುಂಬಗಳು ಬಹಳ. ಈರೋಡು ಜಿಲ್ಲೆಯ ತಾಳವಾಡಿಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳೇ ಇವೆ. ಶಾಲಾ ಪಾಠಗಳಿಗೆಂದು 2017ರಲ್ಲಿ ಆರಂಭವಾದ ದೀಕ್ಷಾ ಆನ್‌ಲೈನ್ ವೇದಿಕೆ ರಾಷ್ಟ್ರಮಟ್ಟದ್ದಾದ್ದರಿಂದ, ಕರ್ನಾಟಕದ ಕನ್ನಡ ಪಾಠಗಳನ್ನು ಗಡಿಯಾಚೆಯ ಶಿಕ್ಷಕರೂ ತೆರೆಯಬಹುದು. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ವಿಜ್ಞಾನ ಮಾದರಿಗಳು, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು, ಕನ್ನಡದಲ್ಲೂ ಸಿಗುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳ ಸರ್ಕಾರ ಮಾಹಿತಿ ತಂತ್ರಜ್ಞಾನದ (ಐಸಿಟಿ) ಪಠ್ಯವನ್ನೇ ಕನ್ನಡದಲ್ಲಿ ಕೊಟ್ಟಿದೆ. 2018ರಲ್ಲಿ ಕೇರಳದ ಶಾಲೆಗಳಲ್ಲಿ ಶುರುವಾದ ಲಿಟಲ್ ಕೈಟ್ಸ್ ಕ್ಲಬ್‌ಗಳಲ್ಲಿ ಮಕ್ಕಳು ಆನಿಮೇಷನ್, ಪ್ರೋಗ್ರಾಮಿಂಗ್ ತಾವೇ ಮಾಡುತ್ತಾರೆ. ಈ ವಯಸ್ಸಿಗೆ ನಾನು ಬಯಸುವ ಬಳಕೆ ಅಂಥದು.

ಮಕ್ಕಳ ಮಾಹಿತಿ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಸಾಮಾನ್ಯವಾಗಿ ಪೋಷಕರ ದೃಢೀಕರಿಸಬಹುದಾದ ಒಪ್ಪಿಗೆ ಬೇಕೆಂದು ಆ ಕಾಯ್ದೆ ಹೇಳುತ್ತದೆ. ಹಾಗಾಗಿ ನೀರಿನ ಪಟ್ಟಿಯಲ್ಲಿ ಮಗುವಿನ ಹೆಸರು, ಮನೆಯ ವಿಳಾಸ ಬೇಡ. ‘ಮೂರನೇ ಗುಂಪು, ಕೊಳವೆಬಾವಿ’ ಎಂದಿದ್ದರೆ ಲೆಕ್ಕಕ್ಕೆ ಸಾಕು.